ಚಾಲಕನನ್ನು ನಡುವೆ ಕೂರಿಸಿದ ಎಂಜಿನ್

1930ರ ದಶಕದ ಆರಂಭ. ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ವರೆಗೆ ವಿದ್ಯುತ್ ರೈಲು ಓಡಿಸಲು ಹೊರಟಿದ್ದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ತನ್ನದೇ ಪಿ-5 ಎಂಜಿನ್ ತಲೆನೋವಾಗಿತ್ತು. ವೇಗ ಏರಿದಂತೆ ಅದು ಅತ್ತಿತ್ತ ಓಲಾಡುತ್ತಿತ್ತು, ಆಕ್ಸಲ್‌ಗಳು ಬಿರುಕು ಬಿಡುತ್ತಿದ್ದವು. ಚಾಲಕನ ಕೋಣೆಯೋ ಎಂಜಿನ್ನಿನ ತೀರಾ ಮುಂತುದಿಯಲ್ಲಿ. ಲೆವೆಲ್ ಕ್ರಾಸಿಂಗ್ ಒಂದರಲ್ಲಿ ಲಾರಿಗೆ ಡಿಕ್ಕಿಯಾದಾಗ ಚಾಲಕ ಜೀವ ಕಳೆದುಕೊಂಡ. ಕೋಣೆ ನಡುಭಾಗಕ್ಕೆ ಸರಿದದ್ದು ಆಮೇಲೆ. ಮುಂದೆ ಜಗತ್ತೇ ಮೆಚ್ಚಿದ ಜಿಜಿ-1 ಎಂಜಿನ್ನಿನ ಎರಡೂ ಬದಿಯ ಉದ್ದನೆಯ ಮೂತಿ ಚಂದಕ್ಕಾಗಿ ಹುಟ್ಟಿದ್ದಲ್ಲ, ಚಾಲಕನ ಪ್ರಾಣಕ್ಕಾಗಿ ಹುಟ್ಟಿದ್ದು.

ಓಲಾಟಕ್ಕೆ ಮದ್ದು ಸಿಕ್ಕಿದ್ದು ನೆರೆಯ ನ್ಯೂ ಹೇವನ್ ರೈಲ್ವೆಯಲ್ಲಿ. ಅವರ ಇಪಿ-3 ಎಂಜಿನ್ನಿನ ಚೌಕಟ್ಟು ಎರಡು ಭಾಗವಾಗಿದ್ದು, ನಡುವೆ ಕೀಲು ಇತ್ತು. ತಿರುವಿನಲ್ಲಿ ಅದು ಹಳಿಯ ಜೊತೆಗೇ ಬಾಗುತ್ತಿತ್ತು. ಅದನ್ನು ಎರವಲು ತಂದು ಓಡಿಸಿ ನೋಡಿದ ಕಂಪನಿ, 1934ರಲ್ಲಿ ಎರಡು ಮಾದರಿಗಳನ್ನು ಕಟ್ಟಿಸಿತು: ಒಂದೇ ಬಿಗಿ ಚೌಕಟ್ಟಿನ ಆರ್-1, ಕೀಲಿರುವ ಜಿಜಿ-1. ಎಂಜಿನ್ ಹಳಿಯನ್ನು ಪಕ್ಕಕ್ಕೆ ಎಷ್ಟು ಒತ್ತುತ್ತದೆ ಎಂಬುದನ್ನು ಡೆಲವೇರ್‌ನ ಕ್ಲೇಮಾಂಟ್ ಬಳಿ ಅಳೆದರು. ಗೆದ್ದದ್ದು ಜಿಜಿ-1. ಎಳೆಯುವ ಆರು ಆಕ್ಸಲ್, ಅಂಥ ಪ್ರತಿ ಆಕ್ಸಲ್‌ಗೆ ಎರಡರಂತೆ ಹನ್ನೆರಡು ಮೋಟಾರು, ಒಟ್ಟು 4,620 ಅಶ್ವಶಕ್ತಿ, ಗಂಟೆಗೆ 160 ಕಿಲೋಮೀಟರ್ ವೇಗ.

ಮೈಕಟ್ಟಿನ ಕೀರ್ತಿಯೆಲ್ಲ ಕೈಗಾರಿಕಾ ವಿನ್ಯಾಸಕ ರೇಮಂಡ್ ಲೋವಿಗೆ ಸಂದಿದೆ. ಇದು ಅನ್ಯಾಯ. ಆ ಆಕಾರ ಕೊಟ್ಟವರು ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ವಿನ್ಯಾಸಕ ಡೊನಾಲ್ಡ್ ಡೋನರ್. ಬಳಿಕ ಬಂದ ಲೋವಿ, ರಿವೆಟ್ ಬಿಟ್ಟು ತಗಡುಗಳನ್ನು ವೆಲ್ಡಿಂಗ್ ಮಾಡಿಸಿ ಎಂದರು. ಕಡುಹಸಿರು ಮೈಮೇಲೆ ಐದು ಚಿನ್ನದ ಬಣ್ಣದ ಗೆರೆ ಎಳೆಸಿದರು. ಸಲಹೆ ಅಮೂಲ್ಯವೇ, ಮೈ ನುಣುಪಾಯಿತು. ಆದರೆ ಮೂಲ ರೂಪ ಡೋನರ್ ಅವರದೇ.

1943ರ ಹೊತ್ತಿಗೆ ಇಂಥ 139 ಎಂಜಿನ್‌ಗಳು ತಯಾರಾಗಿದ್ದವು. ಅವುಗಳ ಗಟ್ಟಿತನಕ್ಕೆ 4876 ಸಂಖ್ಯೆಯದೇ ಸಾಕ್ಷಿ. 1953ರ ಜನವರಿಯಲ್ಲಿ ಬ್ರೇಕ್ ಹಿಡಿಯದೆ ವಾಷಿಂಗ್ಟನ್ ಯೂನಿಯನ್ ನಿಲ್ದಾಣಕ್ಕೆ ನುಗ್ಗಿ, ನೆಲ ಕುಸಿದು ನೆಲಮಾಳಿಗೆಗೆ ಬಿತ್ತು. ಅದೃಷ್ಟಕ್ಕೆ ಒಬ್ಬರೂ ಸಾಯಲಿಲ್ಲ. ಬಿಡಿಬಿಡಿಯಾಗಿ ಹೊರತೆಗೆದು ಮತ್ತೆ ಜೋಡಿಸಿದ ಅದೇ ಎಂಜಿನ್ ದಶಕಗಳ ಕಾಲ ರೈಲು ಎಳೆಯಿತು. ಜಿಜಿ-1ರ ಕೊನೆಯ ಓಟ 1983ರ ಅಕ್ಟೋಬರ್‌ನಲ್ಲಿ, ನ್ಯೂಜೆರ್ಸಿಯಲ್ಲಿ.

ಮೊದಲ ಎಂಜಿನ್ 4800 ಈಗ ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ರೈಲು ಸಂಗ್ರಹಾಲಯದಲ್ಲಿದೆ, ಮೈತುಂಬ ರಿವೆಟ್‌ಗಳೊಂದಿಗೆ. ಅಮೆರಿಕದ ಆ ಭಾಗದಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ನೋಡಿ. ನೋಡುವಾಗ ಡೋನರ್ ಹೆಸರನ್ನು ಮಕ್ಕಳಿಗೂ ಹೇಳಿ.