ಅಪ್‌ಡೇಟ್ ಹಾಕಿದರೆ ಫೋನ್ ತಣ್ಣಗಾಗುತ್ತದೆಯೇ?

ರಾಯಚೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಮ್ಯಾಪ್ ನೋಡಿಕೊಂಡು ಬೈಕ್ ಓಡಿಸುವಾಗ ಫೋನ್ ಕೈಸುಡುವಷ್ಟು ಕಾಯುತ್ತದೆ. ಪರದೆ ತಾನಾಗಿಯೇ ಮಬ್ಬಾಗುತ್ತದೆ. ಹೊಸ ಅಪ್‌ಡೇಟ್ ಹಾಕಿಕೊಳ್ಳಿ, ಸರಿಹೋಗುತ್ತದೆ ಅನ್ನುತ್ತಾರೆ ಅಂಗಡಿಯವರು. ನಿಜವೇ?’

ಅಪ್‌ಡೇಟಿನಿಂದ ಫೋನ್ ತಣ್ಣಗಾದದ್ದಕ್ಕೆ ಒಳ್ಳೆಯ ಉದಾಹರಣೆಯೇ ಇದೆ. ಐಫೋನ್ 15 ಪ್ರೊ 2023ರ ಸೆಪ್ಟೆಂಬರ್ 22ರಂದು ಮಾರಾಟಕ್ಕೆ ಬಂತು. ವಾರದೊಳಗೆ ಜಗತ್ತಿನ ನಾನಾ ಕಡೆಗಳಿಂದ ಒಂದೇ ದೂರು, ಫೋನ್ ವಿಪರೀತ ಬಿಸಿಯಾಗುತ್ತಿದೆ ಎಂದು. ಎಲ್ಲರ ಕಣ್ಣು ಹೋದದ್ದು ಅದರ ಹೊಸ ಟೈಟಾನಿಯಂ ಚೌಕಟ್ಟಿನ ಮೇಲೆ. ಶಾಖವನ್ನು ದಾಟಿಸುವುದರಲ್ಲಿ ಟೈಟಾನಿಯಂ ಅಲ್ಯೂಮಿನಿಯಂನ ಹತ್ತನೇ ಒಂದು ಪಾಲಿಗೂ ಸಾಟಿಯಲ್ಲ, ಹಾಗಾಗಿ ಅನುಮಾನ ತೀರಾ ಬುಡವಿಲ್ಲದ್ದಲ್ಲ. ಆದರೆ ಹಿಂದಿನ ವರ್ಷದ ಪ್ರೊ ಫೋನಿಗಿದ್ದ ಸ್ಟೇನ್‌ಲೆಸ್ ಸ್ಟೀಲ್ ಕೂಡ ಈ ಕೆಲಸದಲ್ಲಿ ಜಾಣ ಲೋಹವೇನಲ್ಲ ಎಂಬುದನ್ನು ಬಹಳಷ್ಟು ಮಂದಿ ಮರೆತಿದ್ದರು. ಆ್ಯಪಲ್ ಕಂಪನಿ ಟೈಟಾನಿಯಂ ಮೇಲಿನ ಆರೋಪ ಒಪ್ಪಲಿಲ್ಲ. ಐಒಎಸ್ 17ರಲ್ಲಿ ಒಂದು ದೋಷವಿದೆ, ಇನ್‌ಸ್ಟಾಗ್ರಾಂ, ಉಬರ್, ಆಸ್ಫಾಲ್ಟ್ 9 ಥರದ ಕೆಲವು ಆ್ಯಪ್‌ಗಳು ಚಿಪ್‌ಗೆ ಅತಿಯಾಗಿ ಕೆಲಸ ಕೊಡುತ್ತಿವೆ ಎಂದಿತು. ಅಕ್ಟೋಬರ್ 4ರಂದು 17.0.3 ಅಪ್‌ಡೇಟ್ ಬಂತು. ದೂರುಗಳು ಬಹುಮಟ್ಟಿಗೆ ತಗ್ಗಿದವು.

ಅಲ್ಲಿ ಕಾಯಿಲೆ ಸಾಫ್ಟ್‌ವೇರಿನದಾಗಿತ್ತು, ಔಷಧಿಯೂ ಅಲ್ಲೇ ಸಿಕ್ಕಿತು. ಎಲ್ಲ ಫೋನ್‌ಗಳಿಗೂ ಅದೇ ಔಷಧಿ ಏಕೆ ನಾಟುವುದಿಲ್ಲ ಎಂಬುದು ತಿಳಿಯಬೇಕಾದರೆ ನಮ್ಮ ಊರಿನ ಕೆರೆಯನ್ನು ನೆನೆಸಿಕೊಳ್ಳಿ.

ಹಳ್ಳದಿಂದ ಕೆರೆಗೆ ನೀರು ಬರುತ್ತದೆ, ತೂಬಿನಿಂದ ಹೊರಗೆ ಹೋಗುತ್ತದೆ. ಫೋನಿನಲ್ಲಿ ಒಳಬರುವ ನೀರೆಂದರೆ ಶಾಖ, ನೀರಿನ ಮಟ್ಟವೆಂದರೆ ಉಷ್ಣತೆ. ಹಳ್ಳ ಜೋರಾದರೆ ಮಟ್ಟ ಏರುತ್ತದೆ. ಮಟ್ಟ ಏರಿದಷ್ಟೂ ಒತ್ತಡ ಹೆಚ್ಚಿ ತೂಬಿನಿಂದಲೂ ಹೆಚ್ಚು ನೀರು ನುಗ್ಗುತ್ತದೆ. ಒಳಹರಿವು, ಹೊರಹರಿವು ಸಮವಾದ ಕಡೆ ಮಟ್ಟ ನಿಲ್ಲುತ್ತದೆ. ಫೋನೂ ಹಾಗೆಯೇ, ತನ್ನೊಳಗೆ ಹುಟ್ಟುವಷ್ಟೇ ಶಾಖವನ್ನು ಗಾಳಿಗೆ ಬಿಟ್ಟುಕೊಡುವ ಮಟ್ಟದವರೆಗೆ ಕಾದು ಅಲ್ಲಿ ನಿಲ್ಲುತ್ತದೆ. ಆ ಕೆರೆ ಬಹಳ ಚಿಕ್ಕದು. ಶಾಖಕ್ಕೆ ಹೊರದಾರಿಯೇ ಇಲ್ಲವೆಂದುಕೊಂಡರೆ, 200 ಗ್ರಾಂ ತೂಗುವ ಫೋನಿನಲ್ಲಿ 5 ವ್ಯಾಟ್ ಶಾಖ ಹುಟ್ಟಿದರೂ ಸಾಕು, ಸುಮಾರು ಆರು ನಿಮಿಷಕ್ಕೆ ಉಷ್ಣತೆ 10 ಡಿಗ್ರಿ ಏರುತ್ತದೆ.

ತೂಬೂ ಚಿಕ್ಕದೇ. ಲ್ಯಾಪ್‌ಟಾಪಿಗೆ ಫ್ಯಾನ್ ಇದೆ, ಫೋನಿಗೆ ಇಲ್ಲ. 15 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲದ ಎರಡು ಮೈ, ಅಷ್ಟೇ ಅದರ ಆಸ್ತಿ. ಗಾಳಿ ಬೀಸದ ಕೋಣೆಯಲ್ಲಿ ಇಷ್ಟು ಮೈಯಿಂದ ಫೋನು, ಸುತ್ತಲಿಗಿಂತ 15 ಡಿಗ್ರಿ ಹೆಚ್ಚು ಬಿಸಿ ಇದ್ದಾಗ, ಸುಮಾರು 3ರಿಂದ 3.5 ವ್ಯಾಟ್ ಹೊರಹಾಕಬಲ್ಲದು. ಕೋಣೆ 28 ಡಿಗ್ರಿ ಇದ್ದರೆ ಆಗ ಫೋನಿನ ಮೈ 43 ಡಿಗ್ರಿ. ಅದಕ್ಕಿಂತ ಬಿಸಿಯಾದರೆ ಕೈಯಲ್ಲಿ ಹಿಡಿಯುವುದು ಕಷ್ಟ. ಕರೆ, ಮೆಸೇಜುಗಳಿಗೆ ಈ ಲೆಕ್ಕ ಧಾರಾಳವಾಗಿ ಸಾಲುತ್ತದೆ. ಭಾರಿ ಗೇಮ್ ಆಡುತ್ತಾ, ಚಾರ್ಜಿಗೂ ಹಾಕಿದರೆ ಸಾಲುವುದಿಲ್ಲ.

ಅಪ್‌ಡೇಟ್ ಮಾಡಬಲ್ಲದ್ದು ಹಳ್ಳಕ್ಕೆ ಅಡ್ಡಕಟ್ಟು ಹಾಕುವ ಕೆಲಸ. ತೂಬನ್ನು ಅದು ಒಂದಿಂಚೂ ಅಗಲ ಮಾಡಲಾರದು.

ಹಳ್ಳ ಹುಟ್ಟುವುದು ಚಿಪ್‌ನಲ್ಲಿರುವ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಲ್ಲಿ. ಅವು ಒಮ್ಮೆ ಆನ್ ಒಮ್ಮೆ ಆಫ್ ಆಗುವಾಗಲೆಲ್ಲ ಒಂದಿಷ್ಟು ಶಕ್ತಿ ಶಾಖವಾಗುತ್ತದೆ. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಇಡೀ ಉದ್ಯಮ ಮೂರು ದಶಕ ನಂಬಿ ನಡೆದ ಒಂದು ಸೂತ್ರ ತೋರಿಸಿಕೊಟ್ಟರು. ಟ್ರಾನ್ಸಿಸ್ಟರನ್ನು ಕಿರಿದಾಗಿಸುತ್ತಾ ಹೋದಂತೆ ಅದರ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿ. ಎಷ್ಟೇ ಒತ್ತೊತ್ತಾಗಿ ಜೋಡಿಸಿದರೂ ಚದರ ಮಿಲಿಮೀಟರಿಗೆ ಹುಟ್ಟುವ ಶಾಖ ಹೆಚ್ಚುವುದಿಲ್ಲ ಎಂಬುದು ಅದರ ಸಾರ. ಕಂಪ್ಯೂಟರಿನ ಮೆಮೊರಿಯಾದ ಡಿರ‍್ಯಾಮ್ ಕಂಡುಹಿಡಿದವರೂ ಇದೇ ಡೆನ್ನಾರ್ಡ್. ಫೋನ್ ಹಿಡಿದ ಪ್ರತಿಯೊಬ್ಬರೂ ಇವರಿಗೆ ಋಣಿಗಳು, ಹೆಸರು ಗೊತ್ತಿರುವವರು ಮಾತ್ರ ಬೆರಳೆಣಿಕೆ. 2024ರಲ್ಲಿ ಅವರು ತೀರಿಕೊಂಡರು.

2005ರ ಆಸುಪಾಸಿನಲ್ಲಿ ಆ ಸೂತ್ರ ಕೈಕೊಟ್ಟಿತು. ವೋಲ್ಟೇಜ್ ತೀರಾ ಇಳಿದರೆ ಆಫ್ ಆದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ ಸೋರತೊಡಗುತ್ತದೆ, ಹಾಗಾಗಿ ಅದಕ್ಕಿಂತ ಕೆಳಗಿಳಿಯುವಂತಿರಲಿಲ್ಲ. ಅಂದಿನಿಂದ ಚಿಪ್ ತಯಾರಕರಿಗೆ ಶಾಖವೇ ದೊಡ್ಡ ತಲೆನೋವು.

ವೋಲ್ಟೇಜಿನ ಇನ್ನೊಂದು ಗುಣ ಅಪ್‌ಡೇಟ್ ಬರೆಯುವವರಿಗೆ ಚೆನ್ನಾಗಿ ಗೊತ್ತು. ಚಿಪ್‌ನ ಶಾಖ ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ, ವೋಲ್ಟೇಜ್ ಎರಡನ್ನೂ ಶೇ. 20ರಷ್ಟು ತಗ್ಗಿಸಿ ನೋಡಿ: 0.8ನ್ನು ಮೂರು ಬಾರಿ ಗುಣಿಸಿದರೆ 0.51. ಐದರಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟರೆ ಶಾಖ ಅರ್ಧಕ್ಕೆ ಇಳಿಯುತ್ತದೆ! ‘ಬಿಸಿಯ ಸಮಸ್ಯೆ ಬಗೆಹರಿದಿದೆ’ ಎಂದು ಯಾವುದೇ ಕಂಪನಿ ಹೇಳಿದಾಗ ನಾನು ಮೊದಲು ಕೇಳುವ ಪ್ರಶ್ನೆ ಇಲ್ಲಿದೆ. ದೋಷ ತಿದ್ದಿದಿರೋ, ವೇಗ ಕದ್ದಿರೋ? 17.0.3 ವೇಗಕ್ಕೆ ಕೈಹಾಕುವುದಿಲ್ಲ ಎಂದು ಆ್ಯಪಲ್ ಮೊದಲೇ ಹೇಳಿತ್ತು. 2022ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್ ಸಿಕ್ಕಿಕೊಂಡದ್ದು ಇನ್ನೊಂದು ಕಥೆ. ಗೇಮ್‌ಗಳಿಗೆಂದು ಫೋನಿನಲ್ಲಿಟ್ಟ ಒಂದು ವ್ಯವಸ್ಥೆ ಸಾವಿರಾರು ಆ್ಯಪ್‌ಗಳ ವೇಗಕ್ಕೆ ಕಡಿವಾಣ ಹಾಕುತ್ತಿತ್ತು, ವೇಗ ಅಳೆಯುವ ಪರೀಕ್ಷಾ ಆ್ಯಪ್‌ಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಇದನ್ನು ಬಯಲು ಮಾಡಿದವರು ದಕ್ಷಿಣ ಕೊರಿಯಾದ ಗ್ರಾಹಕರು. ಅಂಥ ಪರೀಕ್ಷಾ ಆ್ಯಪ್ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಎಸ್10ರಿಂದ ಎಸ್22ರವರೆಗಿನ ಗ್ಯಾಲಕ್ಸಿ ಫೋನ್‌ಗಳನ್ನು ತೆಗೆದುಹಾಕಿತು. ಕಡಿವಾಣ ಬೇಕೋ ಬೇಡವೋ ಎಂದು ಬಳಕೆದಾರರೇ ತೀರ್ಮಾನಿಸುವಂಥ ಅಪ್‌ಡೇಟನ್ನು ಸ್ಯಾಮ್‌ಸಂಗ್ ಆಮೇಲೆ ಕೊಟ್ಟಿತು. ಶಾಖ ತಗ್ಗಿಸಲು ವೇಗ ಇಳಿಸುವುದು ತಪ್ಪಲ್ಲ. ಕೊಂಡವರಿಗೆ ಹೇಳದೆ ಇಳಿಸುವುದು ತಪ್ಪು.

ಅಪ್‌ಡೇಟ್ ಹಾಕಿದ ಮೇಲೆಯೇ ಫೋನ್ ಇನ್ನಷ್ಟು ಬಿಸಿಯಾಯಿತು ಎನ್ನುವವರೂ ಇದ್ದಾರೆ. ಅದೂ ಸುಳ್ಳಲ್ಲ. ಹೊಸ ಆವೃತ್ತಿ ಬಂದೊಡನೆ ಫೋನ್ ಒಳಗೊಳಗೇ ಫೋಟೊಗಳನ್ನು ಮತ್ತೆ ವಿಂಗಡಿಸುತ್ತದೆ, ಹುಡುಕಾಟದ ಪಟ್ಟಿ ಹೊಸದಾಗಿ ಕಟ್ಟುತ್ತದೆ, ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಇದು ಮುಗಿಯಬೇಕು. ವಾರವಾದರೂ ಬಿಸಿ ಇಳಿಯದಿದ್ದರೆ ಸೆಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗ ತೆರೆದು ಯಾವ ಆ್ಯಪ್ ಹೆಚ್ಚು ತಿನ್ನುತ್ತಿದೆ ಎಂದು ನೋಡಿ.

ಇನ್ನು ರಾಯಚೂರಿನ ಬೈಕಿನ ವಿಚಾರ. ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಫೋನಿನ ಮುಖದ ಅಳತೆಗೆ ಇದು 11 ವ್ಯಾಟ್ ಆಗುತ್ತದೆ, ಅದರಲ್ಲಿ ಬಹುಪಾಲನ್ನು ಕಪ್ಪು ಗಾಜು ಹೀರಿಕೊಳ್ಳುತ್ತದೆ. ಮ್ಯಾಪ್ ತೋರಿಸಲು ಚಿಪ್ ಮಾಡುವ ಶಾಖಕ್ಕಿಂತ ಸೂರ್ಯ ಸುರಿಯುವುದೇ ಹೆಚ್ಚು. ಸಾಲದ್ದಕ್ಕೆ ಬಿಸಿಲಲ್ಲಿ ಕಾಣಲೆಂದು ಪರದೆಯ ಬೆಳಕು ತುತ್ತತುದಿಗೆ ಏರಿರುತ್ತದೆ. ಮೇ ತಿಂಗಳಲ್ಲಿ ಅಲ್ಲಿನ ಗಾಳಿಯೇ 41-42 ಡಿಗ್ರಿ. ತೂಬಿನ ಆಚೆಯ ಕಾಲುವೆಯೂ ಕೆರೆಯ ಮಟ್ಟಕ್ಕೇ ತುಂಬಿ ನಿಂತಿದ್ದರೆ ನೀರು ಹೋಗುವುದೆಲ್ಲಿಗೆ? ಪರದೆ ಮಬ್ಬಾಗುವುದು ದೋಷವಲ್ಲ, ಫೋನ್ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಇದನ್ನು ಯಾವ ಅಪ್‌ಡೇಟೂ ಬದಲಿಸದು. ಫೋನಿನ ಮೇಲೆ ನೆರಳು ಬೀಳುವಂತೆ ಮಾಡಿ, ದಪ್ಪ ಕವರ್ ತೆಗೆಯಿರಿ, ಓಡಿಸುವಾಗ ಚಾರ್ಜಿಗೆ ಹಾಕಬೇಡಿ. ಪರದೆ ಆರಿಸಿ ಧ್ವನಿಯಲ್ಲೇ ದಾರಿ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಕಾದ ಫೋನನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರಿನ ಪಸೆ ಕಟ್ಟುತ್ತದೆ.

ಬ್ಯಾಟರಿಯೇ ಕೆಟ್ಟಿದ್ದರೆ ಅಪ್‌ಡೇಟ್ ಅಪಾಯವನ್ನು ಮುಂದೂಡಬಹುದು, ಅಷ್ಟೇ. 2025ರ ಜುಲೈನಲ್ಲಿ ಗೂಗಲ್ ತನ್ನ ಪಿಕ್ಸೆಲ್ 6ಎ ಫೋನ್‌ಗಳಿಗೆ ಕಡ್ಡಾಯ ಅಪ್‌ಡೇಟ್ ಕಳಿಸಿತು. ಬಾಧಿತ ಫೋನ್‌ಗಳಲ್ಲಿ ಬ್ಯಾಟರಿ 400 ಸಲ ಚಾರ್ಜ್ ಆದ ಬಳಿಕ ಅದು ತುಂಬಿಕೊಳ್ಳುವ ಪ್ರಮಾಣವನ್ನೂ ಚಾರ್ಜಿನ ವೇಗವನ್ನೂ ಈ ಅಪ್‌ಡೇಟ್ ಇಳಿಸುತ್ತದೆ. ಜೊತೆಗೆ ಬ್ಯಾಟರಿ ಉಚಿತವಾಗಿ ಬದಲಿಸಿಕೊಡುವ ಏರ್ಪಾಡೂ ಬಂತು. ಉಬ್ಬಿದ ಬ್ಯಾಟರಿಯ ಫೋನ್ ಇಟ್ಟುಕೊಂಡು ಅಪ್‌ಡೇಟಿಗಾಗಿ ಕಾಯುವುದು ಬೇಡ, ಅಂದೇ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹೊರದಾರಿಯನ್ನೇ ಸರಿಪಡಿಸಬೇಕಾದರೆ ಫೋನನ್ನೇ ಬೇರೆ ರೀತಿ ಕಟ್ಟಬೇಕು. 2025ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 17 ಪ್ರೊ ಟೈಟಾನಿಯಂ ಬಿಟ್ಟು ಅಲ್ಯೂಮಿನಿಯಂಗೆ ಹೊರಳಿತು, ಒಳಗೆ ವೇಪರ್ ಚೇಂಬರ್ ಇಟ್ಟುಕೊಂಡಿತು. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದು ವರ್ಷಗಳ ಹಿಂದೆಯೇ ಇತ್ತು. ತೆಳ್ಳನೆಯ ಲೋಹದ ಪೊಳ್ಳು ತಗಡಿನಲ್ಲಿ ಇಷ್ಟೇ ಇಷ್ಟು ನೀರು. ಚಿಪ್‌ನ ಬಳಿ ನೀರು ಆವಿಯಾಗಿ, ತಣ್ಣಗಿರುವ ತುದಿಗೆ ಹೋಗಿ, ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗಿ ಹಿಂದಕ್ಕೆ ಹೀರಲ್ಪಡುತ್ತದೆ. 1963ರಲ್ಲಿ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ರೂಪಿಸಿದ ಹೀಟ್ ಪೈಪ್‌ನ ಚಪ್ಪಟೆ ರೂಪ ಇದು. ಚಿಪ್‌ನ ಹತ್ತಿರ ಗುಡ್ಡೆಬೀಳುವ ಶಾಖವನ್ನು ಇದು ಇಡೀ ಮೈಗೆ ಹಂಚುತ್ತದೆ, ಹಾಗಾಗಿ ಗೇಮ್ ಹೆಚ್ಚು ಹೊತ್ತು ಪೂರ್ಣ ವೇಗದಲ್ಲಿ ಓಡುತ್ತದೆ. ಮೈಯ ಅಳತೆ ಹಾಗೇ ಇದೆ. ಬೇಸಿಗೆಯ ಬಯಲಿನಲ್ಲಿ ಅದೂ ಪರದೆ ಮಬ್ಬು ಮಾಡಲೇಬೇಕು.