ನೀರಿನಿಂದ ಸುಣ್ಣ ನೇಯುವ ಜೀವ

ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಾಗ ಗಲಗಲಿಯ ದಂಡೆಯ ಕೆಸರಿನಲ್ಲಿ ಸಿಂಪಿ ಸಿಗುತ್ತವೆ. ಒಂದನ್ನು ತೊಳೆದು ಅಂಗೈಯಲ್ಲಿಟ್ಟು ನೋಡಬೇಕು. ಹೊರಗೆ ಕಂದುಗಪ್ಪು ಬಣ್ಣದ ತೆಳುವಾದ ಸಿಪ್ಪೆ, ಒಳಗೆ ಮುತ್ತಿನ ಹೊಳಪು. ಎರಡು ಚಿಪ್ಪು ಕೂಡುವ ಕೀಲಿನ ಪಕ್ಕದಲ್ಲಿ ಉಬ್ಬಿದ ಭಾಗವೊಂದಿದೆ. ಇಡೀ ಚಿಪ್ಪಿನಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಹೆಚ್ಚಿನ ಸಿಂಪಿಗಳಲ್ಲಿ ಅಲ್ಲಿನ ಸಿಪ್ಪೆ ಸವೆದು ಬಿಳಿ ಸುಣ್ಣ ಬಯಲಾಗಿರುತ್ತದೆ. ಉಗುರು ಆಡಿಸಿದರೆ ಸಣ್ಣ ಸಣ್ಣ ಗುಳಿಗಳು ತಾಕುತ್ತವೆ. ಕೊಳೆತ ಎಲೆ, ಕಸಕಡ್ಡಿಯಿಂದ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಕೆಸರಿನ ನೀರನ್ನು ಕೊಂಚ ಆಮ್ಲೀಯವಾಗಿಸುತ್ತದೆ. ಸಿಪ್ಪೆ ಹೋದ ಜಾಗದಲ್ಲಿ ಆ ನೀರು ಸುಣ್ಣವನ್ನು ತಿಂದಿದೆ. ಸಮುದ್ರದಲ್ಲಿ ಇಂದು ನಡೆಯುತ್ತಿರುವ ದೊಡ್ಡ ಬದಲಾವಣೆಯ ಹಿಂದಿರುವುದೂ ಇದೇ ರಸಾಯನ.

ನಮ್ಮ ಸೀಮೆಯಲ್ಲಿ ಸುಣ್ಣಕ್ಕೆ ಕೊರತೆಯಿಲ್ಲ. ಮುಧೋಳ, ಲೋಕಾಪುರ, ಕಲಾದಗಿಯ ಸುಣ್ಣಕಲ್ಲು ನೂರು ಕೋಟಿ ವರ್ಷಕ್ಕೂ ಹಿಂದಿನದು, ಚಿಪ್ಪು ಕಟ್ಟುವ ಜೀವಿಗಳು ಭೂಮಿಯ ಮೇಲೆ ಹುಟ್ಟುವ ಮೊದಲೇ ಕೂತ ಪದರ. ಬೋರಿನ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಹೊಪ್ಪಳಿಕೆ ಕಟ್ಟುವುದು ಈ ಕಡೆಯ ಮನೆಮನೆಯ ಅನುಭವ. ಹಾಗಂತ ಸಿಂಪಿಯ ಚಿಪ್ಪು ಹಂಡೆಯ ಹೊಪ್ಪಳಿಕೆಯ ಹಾಗೆ ತಾನೇ ಕೂರುವುದಿಲ್ಲ. ಅದನ್ನು ಆ ಜೀವ ದುಡಿದು ಕಟ್ಟುತ್ತದೆ.

ಈ ಕಸುಬನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಘಟ್ಟ ಇಳಿದು ಕುಮಟಾ ತಾಲ್ಲೂಕಿಗೆ ಹೋಗಬೇಕು. ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬರುವ ಅಘನಾಶಿನಿ ಅಲ್ಲಿ ತದಡಿಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ನೀರು ಇಳಿದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಕೆಸರುದಿಬ್ಬಗಳಿಗೆ ಇಳಿಯುತ್ತಾರೆ. ಅವರು ಹೆಕ್ಕುವುದು ಬಳಚು, ಅಂದರೆ ಮರಳಿನೊಳಗೆ ಹುದುಗಿರುವ ಎರಡು ಚಿಪ್ಪಿನ ಪ್ರಾಣಿ. ನೀರು ಆಳವಿದ್ದಲ್ಲಿ ಗಂಡಸರು ಮುಳುಗಿ ತೆಗೆಯುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಇದರಿಂದ ನೇರ ದುಡಿಮೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹಿಂದೆ ಲೆಕ್ಕ ಹಾಕಿದ್ದರು. ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ.

ಬಳಚಿನ ಮೈಯನ್ನು ಎರಡೂ ಕಡೆಯಿಂದ ಹೊದ್ದಿರುವ ತೆಳುವಾದ ಪೊರೆಗೆ ಮ್ಯಾಂಟಲ್ ಎಂದು ಹೆಸರು. ಚಿಪ್ಪು ಕಟ್ಟುವುದು ಅದರ ಕೆಲಸ. ಈ ಕೆಲಸ ರಬಕವಿ-ಬನಹಟ್ಟಿಯ ನೇಕಾರರಿಗೆ ಬೇಗ ತಿಳಿದೀತು. ಮಗ್ಗದಲ್ಲಿ ಮೊದಲು ಹಾಸು ಅಣಿಯಾಗಬೇಕು, ಆಮೇಲೆ ಲಾಳಿ ಓಡಿ ಹೊಕ್ಕು ಬೀಳಬೇಕು. ಮ್ಯಾಂಟಲ್ ಕೂಡ ಮೊದಲು ಪ್ರೋಟೀನು, ಕೈಟಿನ್‌ಗಳ ನವಿರಾದ ಹಂದರ ಹಾಸುತ್ತದೆ. ಸುಣ್ಣದ ಹರಳು ಎಲ್ಲಿ ಹುಟ್ಟಬೇಕು, ಯಾವ ಕಡೆಗೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಆ ಹಾಸು ನಿರ್ಧರಿಸುತ್ತದೆ. ಚಿಪ್ಪಿನ ತೂಕದಲ್ಲಿ ಅದರ ಪಾಲು ಅತ್ಯಲ್ಪ, ಮಿಕ್ಕಿದ್ದೆಲ್ಲ ಸುಣ್ಣ. ಆದರೂ ಚಿಪ್ಪಿಗೆ ಗಟ್ಟಿತನ ಬರುವುದು ಆ ಅತ್ಯಲ್ಪ ಪಾಲಿನಿಂದಲೇ. ಬರೀ ಸುಣ್ಣದ ಹರಳಾಗಿದ್ದರೆ ಒಂದು ಪೆಟ್ಟಿಗೆ ಸೀಳಿಹೋಗುತ್ತಿತ್ತು.

ಮ್ಯಾಂಟಲ್ ಮತ್ತು ಚಿಪ್ಪಿನ ನಡುವೆ ಕೂದಲೆಳೆಯಷ್ಟು ಸಂದಿ, ಅದರಲ್ಲಿ ಒಂದಿಷ್ಟು ದ್ರವ. ಅದೇ ಕಾರ್ಖಾನೆ. ಬಳಚು ನೀರಿನಿಂದ ಕ್ಯಾಲ್ಸಿಯಮ್ಮನ್ನು ಹೀರಿ ಅಲ್ಲಿಗೆ ಸಾಗಿಸುತ್ತದೆ. ನೀರಿನಲ್ಲಿ ಧಾರಾಳವಾಗಿರುವ ಬೈಕಾರ್ಬೊನೇಟ್, ತನ್ನ ಉಸಿರಾಟದಲ್ಲೇ ಹುಟ್ಟುವ ಕಾರ್ಬನ್ ಡೈಆಕ್ಸೈಡ್, ಎರಡೂ ಅಲ್ಲಿಗೆ ಬರುತ್ತವೆ. ಕ್ಯಾಲ್ಸಿಯಮ್ಮಿನೊಂದಿಗೆ ಕಾರ್ಬೊನೇಟ್ ಕೂಡಿದರೆ ಸುಣ್ಣದ ಹರಳು. ಆದರೆ ಇಲ್ಲೊಂದು ತೊಡಕಿದೆ, ಈ ಕಸುಬಿನ ಕಷ್ಟವೆಲ್ಲ ಅದರಲ್ಲೇ ಇದೆ. ಹರಳು ಕಟ್ಟುವಾಗ ಪ್ರತಿಸಲವೂ ಆಮ್ಲ ಹುಟ್ಟುತ್ತದೆ. ಅದನ್ನು ಅಲ್ಲೇ ಬಿಟ್ಟರೆ ಕಟ್ಟಿದ ಹರಳು ಮತ್ತೆ ಕರಗುತ್ತದೆ. ಹೀಗಾಗಿ ಬಳಚು ಒಂದು ಕಡೆ ಕ್ಯಾಲ್ಸಿಯಂ ಒಳತರುತ್ತ, ಇನ್ನೊಂದು ಕಡೆ ಆಮ್ಲವನ್ನು ಹೊರದೂಡುತ್ತ ಇರಬೇಕು. ಎರಡಕ್ಕೂ ಶಕ್ತಿ ಬೇಕು, ಆ ಶಕ್ತಿ ತಿಂದ ಅನ್ನದಿಂದಲೇ ಬರಬೇಕು.

ನೀರು ಇಳಿದು ದಿಬ್ಬ ಬಯಲಾದಾಗ ಬಳಚು ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಚಿಪ್ಪಿನೊಳಗೆ ಅದರ ಉಸಿರಿನ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ, ಆಮ್ಲ ಏರುತ್ತದೆ. ಆಗ ಒಳಗೋಡೆಯ ಸುಣ್ಣವೇ ಒಂದಿಷ್ಟು ಕರಗಿ ಆ ಆಮ್ಲವನ್ನು ತಣಿಸುತ್ತದೆ. ನೀರು ಏರಿ ಬಾಯಿ ತೆರೆದ ಮೇಲೆ ಮತ್ತೆ ಕಟ್ಟುವ ಕೆಲಸ. ಚಿಪ್ಪಿನ ಸೀಳುಮೈಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಈ ಏರಿಳಿತಗಳೆಲ್ಲ ಗೆರೆಗೆರೆಯಾಗಿ ಕಾಣುತ್ತವೆ. ಇಷ್ಟು ಪುಟ್ಟ ಜೀವ ತನ್ನ ಮನೆಯ ಗೋಡೆಯನ್ನೇ ಔಷಧಿಯಾಗಿ ಬಳಸಿ, ಮತ್ತೆ ಅದನ್ನು ತುಂಬಿಸಿಕೊಳ್ಳುವುದು ನನಗಂತೂ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಅಚ್ಚರಿ.

ಈಗ ಸಮುದ್ರದ ವಿಷಯ. ಕೈಗಾರಿಕೆಗಳು ಶುರುವಾಗುವ ಮೊದಲು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಪಾಲು ಇದ್ದ ಕಾರ್ಬನ್ ಡೈಆಕ್ಸೈಡ್ ಇಂದು 420 ದಾಟಿದೆ. ನಾವು ಸುಟ್ಟು ಬಿಟ್ಟದ್ದರಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರ ನುಂಗಿಕೊಂಡಿದೆ. ಅದರಿಂದ ಮೇಲ್ಪದರದ ನೀರಿನ ಪಿಎಚ್ 8.2ರಿಂದ 8.1ರ ಆಸುಪಾಸಿಗೆ ಇಳಿದಿದೆ. ಕೇಳಲು ಸಣ್ಣ ಅಂತರ. ಆದರೆ ಪಿಎಚ್ ಅಳತೆಯ ಲೆಕ್ಕವೇ ಬೇರೆ: ಇಷ್ಟು ಇಳಿಕೆ ಎಂದರೆ ಆಮ್ಲೀಯತೆ ಹೆಚ್ಚುಕಡಿಮೆ ನೂರಕ್ಕೆ 30ರಷ್ಟು ಏರಿದಂತೆ. ಸಮುದ್ರ ಇವತ್ತಿಗೂ ಕ್ಷಾರೀಯವೇ. ಚಿಪ್ಪುಗಳೆಲ್ಲ ಕರಗಿ ನೀರಾಗುತ್ತಿವೆ ಎಂದು ಬರೆಯುವವರು ವಿಷಯವನ್ನು ಕೆಡಿಸುತ್ತಾರೆ. ನಿಜವಾಗಿ ಏರುತ್ತಿರುವುದು ಕಟ್ಟುವ ಖರ್ಚು. ಹೊರಗಿನ ನೀರಿನಲ್ಲೇ ಆಮ್ಲ ಹೆಚ್ಚಾದರೆ ಒಳಗಿನದನ್ನು ಹೊರದೂಡಲು ಹೆಚ್ಚು ಬಲ ಬೇಕು, ಜೊತೆಗೆ ನೀರಿನಲ್ಲಿ ಕಾರ್ಬೊನೇಟ್ ಕಮ್ಮಿಯಾಗುತ್ತದೆ. ಬೆಳೆದ ಬಳಚಿಗೆ ಹೊಟ್ಟೆ ತುಂಬ ಆಹಾರ ಸಿಕ್ಕರೆ ಆ ಖರ್ಚನ್ನು ಬಹುಮಟ್ಟಿಗೆ ತೂಗಿಸಿಕೊಳ್ಳಬಲ್ಲದು.

ತೂಗಿಸಿಕೊಳ್ಳಲಾಗದ್ದು ಮರಿಗೆ. ಮೊಟ್ಟೆ ಫಲಿತಗೊಂಡು ಒಂದೆರಡು ದಿನದೊಳಗೆ ಅದು ಮೊದಲ ಚಿಪ್ಪು ಕಟ್ಟಿ ಮುಗಿಸಬೇಕು. ಆ ಹೊತ್ತಿಗೆ ಅದಕ್ಕೆ ಸರಿಯಾಗಿ ಉಣ್ಣಲೂ ಬಾರದು, ಮೊಟ್ಟೆಯಲ್ಲಿ ತಾಯಿ ಇಟ್ಟುಕೊಟ್ಟ ಬುತ್ತಿಯೇ ಗತಿ. ಚಿಪ್ಪಿಗೆ ಹೆಚ್ಚು ಖರ್ಚಾದರೆ ಬುತ್ತಿ ಮೊದಲೇ ಮುಗಿಯುತ್ತದೆ. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಟಾಲ್ಮೇಜ್ ಮತ್ತು ಗೋಬ್ಲರ್ 2010ರಲ್ಲಿ ಪ್ರಕಟಿಸಿದ ಪ್ರಯೋಗ ಕಣ್ಣು ತೆರೆಸುವಂಥದ್ದು. ಬಳಚಿನ ಬಳಗದ ಮರಿಗಳನ್ನು ಅವರು ಹಿಂದಿನ, ಇಂದಿನ, ಮುಂದಿನ ಕಾಲದ ಕಾರ್ಬನ್ ಡೈಆಕ್ಸೈಡ್ ಮಟ್ಟಗಳಲ್ಲಿ ಸಾಕಿದರು. ಹಿಂದಿನ ಕಾಲದ ನೀರಿನಲ್ಲಿ ಬೆಳೆದವು ಇಂದಿನ ನೀರಿನವುಗಳಿಗಿಂತ ಬೇಗ ಬೆಳೆದವು, ಹೆಚ್ಚು ಸಂಖ್ಯೆಯಲ್ಲಿ ಬದುಕಿದವು, ಅವುಗಳ ಚಿಪ್ಪು ದಪ್ಪವಾಗಿತ್ತು. ಅಂದರೆ ನಷ್ಟ ಮುಂದೆಂದೋ ಬರುವುದಲ್ಲ, ಆಗಲೇ ಶುರುವಾಗಿದೆ. ಆರೆಗಾನ್ ರಾಜ್ಯದ ವಿಸ್ಕಿ ಕ್ರೀಕ್ ಎಂಬ ಸಿಂಪಿಮರಿ ಸಾಕಣೆ ಕೇಂದ್ರದಲ್ಲಿ 2007ರಿಂದ ಮರಿಗಳು ರಾಶಿರಾಶಿಯಾಗಿ ಸತ್ತವು. ಆಳದಿಂದ ಉಕ್ಕಿ ಬಂದ ಆಮ್ಲೀಯ ನೀರು ಕಾರಣವೆಂದು ಗೊತ್ತಾದ ಮೇಲೆ ತೊಟ್ಟಿಗಳ ನೀರಿಗೆ ಸೋಡಾ ಆ್ಯಶ್ ಬೆರೆಸಿ ಮರಿಗಳನ್ನು ಉಳಿಸಿಕೊಂಡರು. ತೊಟ್ಟಿಯಲ್ಲಿ ಅದು ಸಾಧ್ಯ, ಅಳಿವೆಯಲ್ಲಿ ಸಾಧ್ಯವಿಲ್ಲ.

ನಮ್ಮ ಕರಾವಳಿಯಲ್ಲೂ ನೈಋತ್ಯ ಮುಂಗಾರಿನ ಕಾಲಕ್ಕೆ ಆಳದ ನೀರು ದಡದ ಕಡೆಗೆ ಏರಿ ಬರುತ್ತದೆ. ಅದರಲ್ಲಿ ಆಮ್ಲಜನಕ ಕಮ್ಮಿ, ಕಾರ್ಬನ್ ಡೈಆಕ್ಸೈಡ್ ಹೆಚ್ಚು. ಅದೇ ತಿಂಗಳುಗಳಲ್ಲಿ ಘಟ್ಟದಿಂದ ಇಳಿಯುವ ಮಳೆನೀರು ಅಳಿವೆಯನ್ನು ಸಪ್ಪೆ ಮಾಡುತ್ತದೆ. ಸುಣ್ಣಕಲ್ಲಿನ ಸೀಮೆ ದಾಟಿ ಬರುವ ನೀರಿನಲ್ಲಿರುವ ಗಡಸುತನ ಆ ಮಳೆನೀರಿನಲ್ಲಿಲ್ಲ. ಬಳಚು ಎಷ್ಟೋ ತಲೆಮಾರಿನಿಂದ ಈ ಕಷ್ಟಕಾಲ ದಾಟುತ್ತ ಬಂದಿದೆ, ನಿಜ. ಆ ಹೊರೆಯ ಮೇಲೆ ಈಗ ನಮ್ಮ ಹೊಗೆಯ ಹೊರೆಯೂ ಬೀಳುತ್ತಿದೆ.

ಅಘನಾಶಿನಿಯಲ್ಲಿ ಬಳಚಿನ ದಿಬ್ಬಗಳಿರುವ ಕಡೆಯೇ ನೀರಿನ ಪಿಎಚ್, ಉಪ್ಪಿನಂಶ, ಮರಿಗಳ ಸಂಖ್ಯೆಗಳನ್ನು ವರ್ಷವಿಡೀ, ಮಳೆಗಾಲವನ್ನೂ ಬಿಡದೆ ಅಳೆದು ಬರೆದಿಡಬೇಕು. ಆ ದಾಖಲೆ ಸಂಶೋಧನಾ ಪತ್ರಿಕೆಗಳಲ್ಲಷ್ಟೇ ಉಳಿಯದೆ, ಬುಟ್ಟಿ ಹಿಡಿದು ನೀರಿಗೆ ಇಳಿಯುವ ಹೆಂಗಸರ ಕೈಗೂ ಕನ್ನಡದಲ್ಲಿ ಸಿಗುವಂತಾಗಬೇಕು.