ಸಂಘದಲ್ಲಿ ನೆಂಟಸ್ತಿಕೆ ಇರಲಿ, ಅಳತೆ ಎಲ್ಲರಿಗೂ ಒಂದೇ ಇರಲಿ



ರಾಸುಗಳ ಆರೋಗ್ಯದಷ್ಟೇ ಸಂಘದ ಆರೋಗ್ಯವೂ ಮುಖ್ಯ. ಹಳ್ಳಿಯಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿ ನೆಂಟರೇ. ಕಾರ್ಯದರ್ಶಿಯ ಭಾವಮೈದ ಹಾಲು ಪರೀಕ್ಷಕನಾಗಿರಬಹುದು. ಅಧ್ಯಕ್ಷರ ಸೊಸೆ ಲೆಕ್ಕ ಬರೆಯುತ್ತಿರಬಹುದು. ಜೊತೆಯಲ್ಲಿ ಕೆಲಸ ಮಾಡುವ ಇಬ್ಬರು ಮೆಚ್ಚಿ ಮದುವೆಯಾಗುವುದೂ ಉಂಟು. ಇದಾವುದೂ ತಪ್ಪಲ್ಲ. ಒಬ್ಬರ ಕೆಲಸವನ್ನು ಅವರ ಮನೆಯವರೇ ತಪಾಸಣೆ ಮಾಡುವಂತಾದರೆ ಮಾತ್ರ ತೊಂದರೆ.

ಏಕೆಂದರೆ ಹಾಲಿನ ಹಣ ಜಿಡ್ಡಿನಂಶವನ್ನೂ ಅವಲಂಬಿಸಿದೆ. ಗರ್ಬರ್ ಪರೀಕ್ಷೆಗೆ 10.75 ಮಿ.ಲೀ. ಹಾಲು ಬೇಕು. ಅದಕ್ಕಿಂತ ಕಡಿಮೆ ಹಾಕಿದರೆ ಜಿಡ್ಡು ಕಡಿಮೆ ತೋರುತ್ತದೆ. ಯಂತ್ರವಿರುವ ಕಡೆಯೂ ಹಾಲನ್ನು ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಜಿಡ್ಡು ಹೆಚ್ಚು ಬರುತ್ತದೆ. ದಿನಕ್ಕೆ 10 ಕಿಲೋ ಹಾಲು ಹಾಕುವವರಿಗೆ ಶೇ. 3.8ರ ಬದಲು 3.5 ಎಂದು ಬರೆದರೆ, 30 ದಿನಕ್ಕೆ 900 ಗ್ರಾಂ ಜಿಡ್ಡು ಕೈಬಿಟ್ಟಂತೆ! ಪರೀಕ್ಷಕ ಪ್ರಾಮಾಣಿಕನೇ ಇರಬಹುದು. ಆದರೆ ಅನುಮಾನ ಹುಟ್ಟಿದರೆ ಸದಸ್ಯರು ಖಾಸಗಿಯವರ ಕಡೆ ತಿರುಗುತ್ತಾರೆ. ಜಯನಗರ, ಬನಶಂಕರಿಯ ಮನೆಗಳಿಗೆ ಬೆಳಗಾಗುವುದರೊಳಗೆ ಹಾಲು ತಲುಪಿಸುವ ಈ ವ್ಯವಸ್ಥೆ ನಿಂತಿರುವುದೇ ನಿಮ್ಮ ನಂಬಿಕೆಯ ಮೇಲೆ.

ಸಂಘದಲ್ಲಿ ಪಾಲಿಸಬಹುದಾದ ಕ್ರಮಗಳು:

1. ನೌಕರರು ಮತ್ತು ನಿರ್ದೇಶಕರು ತಮ್ಮೊಳಗಿನ ನೆಂಟಸ್ತಿಕೆಯನ್ನು ಆಡಳಿತ ಮಂಡಳಿಗೆ ಬರವಣಿಗೆಯಲ್ಲಿ ತಿಳಿಸಬೇಕು.

2. ನೆಂಟರ ನೇಮಕ, ಸಂಬಳ ಅಥವಾ ಶಿಸ್ತುಕ್ರಮದ ವಿಷಯ ಬಂದಾಗ ಆ ನಿರ್ದೇಶಕರು ಸಭೆಯಿಂದ ಹೊರಗಿರಬೇಕು. ಇದನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು.

3. ಪರೀಕ್ಷೆ ಮತ್ತು ಬಟವಾಡೆ ಒಂದೇ ಮನೆಯವರ ಕೈಯಲ್ಲಿರಬಾರದು. ಹೊಸೂರು ರಸ್ತೆಯ ಡೇರಿಯಂಥ ದೊಡ್ಡ ಕಡೆ ಒಬ್ಬರನ್ನು ಬೇರೆ ವಿಭಾಗಕ್ಕೆ ಹಾಕಬಹುದು. ಕನಕಪುರ, ಆನೇಕಲ್ ಕಡೆಯ ಸಣ್ಣ ಸಂಘದಲ್ಲಿ ಇರುವವರೇ ಇಬ್ಬರು ಮೂವರು. ಅಲ್ಲಿ ನೆಂಟರಲ್ಲದ ನಿರ್ದೇಶಕರು ಸರದಿಯಂತೆ ಬಂದು ಕೆಲವು ಮಾದರಿಗಳನ್ನು ಸದಸ್ಯರ ಎದುರೇ ಮರುಪರೀಕ್ಷೆ ಮಾಡಿಸಲಿ.

4. ನೌಕರರಿಬ್ಬರು ಮದುವೆಯಾದರೆ ತಪಾಸಣೆಯ ಹೊಣೆ ಬದಲಿಸಿದರೆ ಸಾಕು. ಹೆಣ್ಣುಮಗಳಿಗೆ ಕೆಲಸ ಬಿಡು ಎನ್ನುವುದು ನ್ಯಾಯವಲ್ಲ. ವಿದೇಶಾಂಗ ಸೇವೆಯಲ್ಲಿ ಮಹಿಳೆ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕು, ಆಮೇಲೆ ರಾಜೀನಾಮೆಯನ್ನೂ ಕೇಳಬಹುದು ಎಂಬ ನಿಯಮವಿತ್ತು. ಕೊಡಗಿನ ಸಿ.ಬಿ. ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದಾಗ, 1979ರಲ್ಲಿ ನ್ಯಾಯಾಲಯ ಇದನ್ನು ತಾರತಮ್ಯವೆಂದು ಖಂಡಿಸಿತು.

5. ಮನಸ್ಸಿಲ್ಲದವರನ್ನು ಪೀಡಿಸುವುದು ಬೇರೆಯೇ ವಿಷಯ; ಅದು ಅಪರಾಧ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಹಕಾರ ಸಂಘಗಳಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ನೌಕರರಿದ್ದರೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ಯಾರು ಯಾರಿಗೆ ನೆಂಟರು ಎಂದು ಕಟ್ಟೆಯ ಮೇಲೆ ಕುಳಿತು ಆಡಿಕೊಂಡರೆ ಪ್ರಯೋಜನವಿಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಕ್ರಮಗಳನ್ನು ನೀವೇ ಸೂಚಿಸಿ, ಠರಾವು ಮಾಡಿಸಿ. ನಿಮ್ಮ ಹಾಲಿನ ಮಾದರಿ ತೆಗೆಯುವಾಗ ಎದುರಿಗೆ ನಿಂತು ನೋಡುವುದು ನಿಮ್ಮ ಹಕ್ಕು. ಅದನ್ನು ಇಂದಿನಿಂದಲೇ ಬಳಸಿಕೊಳ್ಳಿ.

— ವಿಸ್ತರಣಾಧಿಕಾರಿ (ಪಶುವೈದ್ಯ)